ಹೆಸರು ಹಾಕದ ಡ್ರಿಲ್ ಮಾಸ್ಟ್ರು

ಪ್ರತಿ ವರ್ಷ ನಮ್ಮ ಸಂಚಿಕೆಯಲ್ಲಿ ಊರಿನ ಕಡೆಯ ಒಬ್ಬ ಹಿರಿಯರ ಬದುಕಿನ ಬಗ್ಗೆ ಒಂದು ಲೇಖನ ಇರುತ್ತದೆ. ಈ ಸಲ ಆ ಕೆಲಸ ನನ್ನ ತಲೆಗೆ ಬಂತು. ಯಾರ ಬಗ್ಗೆ ಅಂತ ಸಂಪಾದಕರು ಕೇಳಿದಾಗ ಮುದ್ದಣ ಅಂದೆ. ಓ, ನಮ್ಮ ಮುದ್ದಣ ಮನೋರಮೆಯಾ ಅಂತ ಅವರು ನಕ್ಕರು. ನಮಗೆಲ್ಲ ಶಾಲೆಯ ಕನ್ನಡ ಪಾಠದಲ್ಲಿ ಆ ಗಂಡ ಹೆಂಡತಿ ಸಿಕ್ಕಿದವರೇ ಅಲ್ವಾ? ಮಳೆಗಾಲ, ಸಂಜೆ, ಮನೆಗೆ ಬಂದ ಗಂಡ, ಕಥೆ ಹೇಳು ಅಂತ ಪಟ್ಟು ಹಿಡಿಯುವ ಹೆಂಡತಿ. ಆ ಪಾಠ ನೆನಪಿದ್ದವರು ಬಹಳ ಜನ. ಆದರೆ ಅದನ್ನು ಬರೆದವರು ಮಕ್ಕಳಿಗೆ ಕಸರತ್ತು ಮಾಡಿಸುತ್ತಿದ್ದ ಡ್ರಿಲ್ ಮಾಸ್ಟ್ರು, 31ನೇ ವಯಸ್ಸಿಗೇ ಕ್ಷಯದಿಂದ ತೀರಿಹೋದವರು, ಬದುಕಿದ್ದಷ್ಟು ದಿನ ತನ್ನ ದೊಡ್ಡ ಪುಸ್ತಕಗಳ ಮೇಲೆ ತನ್ನ ಹೆಸರನ್ನೇ ಹಾಕದವರು ಅಂತ ಹೇಳಿದರೆ ನಮ್ಮ ರೂಮಿನ ಆರು ಜನರೂ ಹೌದಾ ಮಾರಾಯ್ರೆ ಅಂತ ಬಾಯಿ ಬಿಟ್ಟರು.

ನನಗೆ ಇದರಲ್ಲಿ ಸ್ವಂತ ಹಿತಾಸಕ್ತಿಯೂ ಉಂಟು, ಮೊದಲೇ ಹೇಳಿಬಿಡುತ್ತೇನೆ. ಎರಡು ವರ್ಷದಿಂದ ನಾನೊಂದು ಕಾದಂಬರಿ ಬರೆಯುತ್ತಾ ಇದ್ದೇನೆ. ಕೆಲಸ ವೈರಿಂಗ್, ಓದಿದ್ದು ಸರಕಾರಿ ಐಟಿಐ. ಮತ್ರಾ ಸೂಕಿನ ಹಿಂದಿನ ಗಲ್ಲಿಗಳ ಹಳೇ ಮನೆಗಳಲ್ಲಿ ಹಳೇ ವಯರು ತೆಗೆದು ಹೊಸದು ಎಳೆಯುವುದು ನನ್ನ ಅನ್ನ. ಇಂಥವನು ಕಾದಂಬರಿ ಬರೆಯುತ್ತಾನೆ ಅಂದರೆ ನಗುವವರು ಇದ್ದೇ ಇರುತ್ತಾರೆ. ಹಾಗಾಗಿ ನಮ್ಮ ಊರಿನ ಪಕ್ಕದವರೇ ಆದ ಈ ಡ್ರಿಲ್ ಮಾಸ್ಟ್ರು ಹೇಗೆ ಬರೆದರು, ಯಾಕೆ ಹೆಸರು ಮುಚ್ಚಿಟ್ಟರು ಅಂತ ತಿಳಿಯುವ ಆಸೆ ನನಗೆ ಮೊದಲಿನಿಂದ ಇತ್ತು. ರಜೆಯಲ್ಲಿ ಊರಿಗೆ ಹೋದಾಗ ಪುಸ್ತಕ ತಂದು ಓದಿದೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುದ್ದಣ ಎನ್ನುವುದು ಮುದ್ದಿನ ಹೆಸರು. ನಿಜ ಹೆಸರು ಲಕ್ಷ್ಮೀನಾರಾಯಣ, ಊರಿನವರ ಬಾಯಲ್ಲಿ ಲಕ್ಷ್ಮೀನಾರಣಪ್ಪ. 1870ರ ಜನವರಿ 24ರಂದು ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹುಟ್ಟಿದರು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರು ಬೇರೆಯೇ ರಾಜ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಬಡತನ. ಊರಿನ ಶಾಲೆ ಮುಗಿಸಿ ಇಂಗ್ಲಿಷ್ ಕಲಿಯಲಿಕ್ಕೆ ಉಡುಪಿಗೆ ಹೋದರು, ಆದರೆ ಓದು ಅರ್ಧಕ್ಕೆ ನಿಂತಿತು. ಹೊಟ್ಟೆಗೆ ದಾರಿ ಆಗಬೇಕಲ್ಲ, ಶಿಕ್ಷಕರ ತರಬೇತಿ ಪಡೆದರು, ಮದರಾಸಿಗೆ ಹೋಗಿ ವ್ಯಾಯಾಮ ಕಲಿಸುವ ತರಬೇತಿಯನ್ನೂ ಮುಗಿಸಿದರು. ವಾಪಸ್ ಬಂದು ಉಡುಪಿಯ ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕರಾದರು. ಇದನ್ನು ಓದುವಾಗ ನನಗೆ ನಮ್ಮ ಐಟಿಐ ನೆನಪಾಯಿತು. ಮುಂದೆ ಓದುವ ಮನಸ್ಸಿದ್ದು ಓದಲಾಗದ ಹುಡುಗರೇ ಅಲ್ಲಿ ತುಂಬಿದ್ದೆವು. ಒಂದು ವರ್ಷ, ಎರಡು ವರ್ಷ, ಕೈಗೊಂದು ಸರ್ಟಿಫಿಕೇಟು, ಆಮೇಲೆ ಪಾಸ್‌ಪೋರ್ಟು. ಮುದ್ದಣ ಅವರಿಗೆ ಮದರಾಸು ಸಿಕ್ಕಿದ ಹಾಗೆ ನಮಗೆ ಮಸ್ಕತ್ತು, ದೋಹಾ, ದಮ್ಮಾಮು ಸಿಕ್ಕಿತು. ಕಲಿತ ಕಸುಬು ಹೊಟ್ಟೆ ನೋಡಿಕೊಂಡಿತು. ಉಳಿದ ಆಸೆಯನ್ನು ರಾತ್ರಿ ಹೊತ್ತು ನಾವೇ ನೋಡಿಕೊಳ್ಳಬೇಕು.

ಆ ಆಸೆ ಅವರಿಗೆ ಎಲ್ಲಿಂದ ಹತ್ತಿತು ಅಂತ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಯಕ್ಷಗಾನ! ಬಯಲಾಟ ನೋಡದ ಬಾಲ್ಯ ನಮ್ಮ ಊರಿನಲ್ಲಿ ಯಾರಿಗೆ ಉಂಟು? ಅವರ ಮೊದಲಿನ ಕೃತಿಗಳು ಎರಡು ಯಕ್ಷಗಾನ ಪ್ರಸಂಗಗಳು, ರತ್ನಾವತಿ ಕಲ್ಯಾಣ ಮತ್ತು ಕುಮಾರ ವಿಜಯ. ಇವು ಅವರು ಬರೆದದ್ದೆಂದು ಜನರಿಗೆ ತಿಳಿದೇ ಇತ್ತು. ಭಾಗವತರು ಹಾಡುವುದಕ್ಕೆ, ಊರಿನ ಜನ ನೋಡುವುದಕ್ಕೆ ಬರೆದದ್ದು. ಅಲ್ಲಿ ಅಂಜಿಕೆ ಇರಲಿಲ್ಲ. ರಾತ್ರಿ ಆಟ ಕಳೆ ಕಟ್ಟಿತೋ ಇಲ್ಲವೋ ಬೆಳಗಾಗುವುದರೊಳಗೆ ಗೊತ್ತಾಗುತ್ತದೆ. ನಾವು ಮೈನ್ ಹಾಕಿದ ಕೂಡಲೇ ಬಲ್ಬು ಉರಿದರೆ ಸರಿ, ಇಲ್ಲದಿದ್ದರೆ ಇಲ್ಲ, ಅಷ್ಟೇ. ಪುಸ್ತಕದ ಕಥೆ ಹಾಗಲ್ಲ. ಅದು ಉರಿಯಿತೋ ಇಲ್ಲವೋ ಅಂತ ಬರೆದವನಿಗೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಉಡುಪಿಯಲ್ಲಿ ಅವರಿಗೆ ಹಳಗನ್ನಡದ ಹುಚ್ಚು ಹಿಡಿಯಿತು. ಹಗಲು ಮೈದಾನದಲ್ಲಿ ಹುಡುಗರ ಸಾಲು ಸರಿ ಮಾಡುವ ಕೆಲಸ, ಉಳಿದ ಹೊತ್ತಿನಲ್ಲಿ ಹಳೆಯ ಕಾವ್ಯಗಳು. ಮಳಲಿ ಸುಬ್ಬರಾಯರಂಥ ಹಿರಿಯ ಪಂಡಿತರ ಒಡನಾಟ ಸಿಕ್ಕಿತು. ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ಡ್ರಿಲ್ ಮಾಸ್ಟ್ರು, ಸುಮಾರು ಸಾವಿರ ವರ್ಷ ಹಿಂದಿನ ಕನ್ನಡವನ್ನು ಅದರಲ್ಲೇ ಬರೆಯುವಷ್ಟು ಕಲಿತರು. ಇದು ಎಂಥ ಕೆಲಸ ಅಂತ ನಾನು ಅಂದಾಜು ಮಾಡಿದ್ದು ಹೀಗೆ: ಇಲ್ಲಿ ಹತ್ತು ವರ್ಷ ಇದ್ದೂ ನಮ್ಮಲ್ಲಿ ಎಷ್ಟು ಜನ ಅರಬಿಯಲ್ಲಿ ಒಂದು ಕಾಗದ ಬರೆಯಬಲ್ಲೆವು? ಅದೂ ಸುತ್ತಮುತ್ತ ಆಡುವ ಭಾಷೆ. ಅವರು ಕಲಿತದ್ದು ಯಾರ ಬಾಯಲ್ಲೂ ಇಲ್ಲದ ಕನ್ನಡ.

ಈಗ ಮೈಸೂರಿನ ಮಾತು. ಆ ಕಾಲಕ್ಕೆ ಮೈಸೂರಿನಲ್ಲಿ ತಾಳೆಗರಿ, ಹಸ್ತಪ್ರತಿಗಳಲ್ಲಿದ್ದ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವ ಕೆಲಸ ಜೋರಾಗಿತ್ತು. ಎಂ. ಎ. ರಾಮಾನುಜಯ್ಯಂಗಾರ್, ಎಸ್. ಜಿ. ನರಸಿಂಹಾಚಾರ್ ಎಂಬ ವಿದ್ವಾಂಸರು ಕಾವ್ಯಮಂಜರಿ ಎಂಬ ಮಾಸಿಕದಲ್ಲಿ ಇಂಥ ಕೃತಿಗಳನ್ನು ಕಂತು ಕಂತಾಗಿ ಹಾಕುತ್ತಿದ್ದರು. ಮುಂದೆ ಕಾವ್ಯಕಲಾನಿಧಿ ಎಂಬುದು ಬಂತು. ಎಲ್ಲಾದರೂ ಹಳೆಯ ಗ್ರಂಥ ಸಿಕ್ಕಿದರೆ ಅವರಿಗೆ ಬೇಕಾಗಿತ್ತು. ಹೊಸಬ ಬರೆದ ಹಳಗನ್ನಡ ಕಾವ್ಯ ಯಾರಿಗೂ ಬೇಕಾಗಿರಲಿಲ್ಲ. ಇಡೀ ವಿಷಯ ನಿಂತದ್ದು ಇಲ್ಲಿ.

ಮುದ್ದಣ ಅವರು ಬರೆದದ್ದನ್ನು ಮೈಸೂರಿಗೆ ಕಳಿಸಿದರು, ಆದರೆ ನಾನು ಬರೆದದ್ದು ಅಂತ ಹೇಳಲಿಲ್ಲ. ಹಳೆಯ ಕೃತಿ, ತನಗೆ ಸಿಕ್ಕಿದ್ದು, ಪ್ರತಿ ಮಾಡಿ ಕಳಿಸುತ್ತಿದ್ದೇನೆ ಎಂಬ ಹಾಗೆ ಕಳಿಸಿದರು. 1895ರಲ್ಲಿ ಅದ್ಭುತ ರಾಮಾಯಣ ಕಾವ್ಯಮಂಜರಿಯಲ್ಲಿ ಬಂತು. ಅದು ಗದ್ಯ. ಸಾವಿರ ತಲೆಯ ರಾವಣನನ್ನು ಸೀತೆಯೇ ಕೊಲ್ಲುವ ಕಥೆ. ಮರುವರ್ಷ ಶ್ರೀರಾಮ ಪಟ್ಟಾಭಿಷೇಕ ಬಂತು, ಅದು ವಾರ್ಧಕ ಷಟ್ಪದಿಯಲ್ಲಿ. ಆಮೇಲೆ 1899ರ ಸುಮಾರಿಗೆ ಕಾವ್ಯಕಲಾನಿಧಿಯಲ್ಲಿ ಶ್ರೀರಾಮಾಶ್ವಮೇಧ, ಮತ್ತೆ ಗದ್ಯ. ಓದಿದ ಪಂಡಿತರು ಹಳೆಯದೆಂದೇ ನಂಬಿದರು, ಮೆಚ್ಚಿದರು. ಬರೆದವರು ಉಡುಪಿಯ ಮೈದಾನದಲ್ಲಿ ಸೀಟಿ ಊದುತ್ತಾ ಇದ್ದರು.

ಒಂದು ಕ್ಷಣ ಇದನ್ನು ನಿಧಾನವಾಗಿ ಯೋಚಿಸಿ ನೋಡಿ. ಅಚ್ಚಾದ ಹಾಳೆ ಉಡುಪಿಗೆ ಅಂಚೆಯಲ್ಲಿ ಬರುತ್ತದೆ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ, ಆದ್ದರಿಂದ ಕಾಗದ ತಲುಪಲಿಕ್ಕೆ ಹೊತ್ತು ಹಿಡಿಯುತ್ತಿತ್ತು. ಲಕೋಟೆ ಬಿಚ್ಚಿದರೆ ಒಳಗೆ ತನ್ನದೇ ವಾಕ್ಯಗಳು, ಸೀಸದ ಅಕ್ಷರದಲ್ಲಿ. ಮೊದಲ ಸಲ ತಾನು ಬರೆದದ್ದು ಅಚ್ಚಾಗಿ ಕಂಡರೆ ಎಂಥ ಖುಷಿ ಅಂತ ಈ ಸಂಚಿಕೆಯಲ್ಲಿ ಬರೆದ ಎಲ್ಲರಿಗೂ ಗೊತ್ತು. ನನ್ನ ಒಂದು ಚಿಕ್ಕ ಬರಹ ಇಲ್ಲಿ ಮೂರು ವರ್ಷ ಹಿಂದೆ ಬಂದಾಗ ನಾನು ಆ ಪುಟದ ಫೋಟೋ ತೆಗೆದು ಎಷ್ಟು ಜನರಿಗೆ ಕಳಿಸಿದೆ ಅಂತ ಲೆಕ್ಕವಿಲ್ಲ. ಅವರು ಆ ಖುಷಿಯನ್ನು ಯಾರ ಹತ್ತಿರ ಹೇಳಿಕೊಂಡಿರಬಹುದು? ಮೆಚ್ಚುಗೆಯೆಲ್ಲ ಹುಟ್ಟೇ ಇಲ್ಲದ ಒಬ್ಬ ಹಳೆಯ ಕವಿಗೆ ಹೋಗುತ್ತಾ ಇತ್ತು.

ಯಾಕೆ ಹೀಗೆ ಮಾಡಿದರು ಅಂತ ಓದಿದವರು ಬೇರೆ ಬೇರೆ ಹೇಳುತ್ತಾರೆ. ವಿನಯ ಅನ್ನುವವರಿದ್ದಾರೆ, ತಮಾಷೆ ಅನ್ನುವವರೂ ಇದ್ದಾರೆ. ನನಗೆ ಅನಿಸುವುದು ಬೇರೆ. ಅವರಿಗೆ ಬರಹದ ಮೇಲೆ ಅನುಮಾನ ಇರಲಿಲ್ಲ. ಇದ್ದಿದ್ದರೆ ಮೈಸೂರಿನ ದೊಡ್ಡ ಪಂಡಿತರ ಕಣ್ಣಿಗೇ ನೇರ ಯಾಕೆ ಕಳಿಸುತ್ತಿದ್ದರು? ಅನುಮಾನ ಇದ್ದದ್ದು ಹೆಸರಿನ ಮೇಲೆ. ಲಕ್ಷ್ಮೀನಾರಣಪ್ಪ, ಡ್ರಿಲ್ ಮಾಸ್ಟರ್, ಉಡುಪಿ ಅಂತ ಬರೆದು ಕಳಿಸಿದ್ದರೆ ಮೊದಲ ಪುಟ ಓದುವ ಮೊದಲೇ ಪಕ್ಕಕ್ಕೆ ಇಟ್ಟುಬಿಡುತ್ತಿದ್ದರೇನೋ. ನಮ್ಮಂಥವರಿಗೆ ಇದು ಗೊತ್ತಿರುವ ಸಂಗತಿ. ಸೈಟಿನಲ್ಲಿ ಲೋಡ್ ಜಾಸ್ತಿಯಾಗಿದೆ, ಈ ಕೇಬಲ್ ತಡೆಯುವುದಿಲ್ಲ ಅಂತ ನಾನು ಹೇಳಿದರೆ ಕೇಳುವವರಿಲ್ಲ. ಅದನ್ನೇ ಟೈ ಕಟ್ಟಿದವರು ಹೇಳಿದರೆ ಮರುದಿನ ಕೇಬಲ್ ಬರುತ್ತದೆ. ಮಾತು ಅದೇ, ಬಾಯಿ ಬೇರೆ. ಮುದ್ದಣ ಅವರು ತನ್ನ ಮಾತಿಗೆ ಸಾವಿರ ವರ್ಷದ ಬಾಯಿ ಹುಡುಕಿದರು.

ಆದರೂ ಅಡಗಿ ಕೂತವರು ಒಂದು ಗುರುತು ಬಿಟ್ಟೇ ಬಿಟ್ಟರು. ರಾಮಾಶ್ವಮೇಧದೊಳಗೆ ಕಥೆ ಹೇಳುವವನಿಗೆ ಮುದ್ದಣ ಅಂತ ಹೆಸರಿಟ್ಟರು.

ಈಗ ಆ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಬರೆಯುವವರಿಗೆ ಇದರಲ್ಲಿ ಕಲಿಯುವುದು ಬೇಕಾದಷ್ಟು ಉಂಟು. ಕಥೆ ಅವರದ್ದಲ್ಲ. ಪದ್ಮಪುರಾಣದ ಪಾತಾಳಖಂಡದಲ್ಲಿ ಬರುವುದು. ರಾಮ ಅಶ್ವಮೇಧ ಮಾಡುತ್ತಾನೆ, ಕುದುರೆಯ ಹಿಂದೆ ಶತ್ರುಘ್ನ ಸೈನ್ಯ ತೆಗೆದುಕೊಂಡು ಹೋಗುತ್ತಾನೆ, ದಾರಿಯುದ್ದ ಯುದ್ಧ, ಕೊನೆಗೆ ಲವ ಕುಶರು. ಪುರಾಣದಲ್ಲಿ ಇದನ್ನು ಶೇಷನು ವಾತ್ಸ್ಯಾಯನ ಮುನಿಗೆ ಹೇಳುತ್ತಾನೆ. ಹೇಳುವವನು ದೊಡ್ಡವನು, ಕೇಳುವವನೂ ದೊಡ್ಡವನು, ಮಧ್ಯೆ ಬಾಯಿ ಹಾಕುವವರಿಲ್ಲ. ಮುದ್ದಣ ಅವರು ಅವರಿಬ್ಬರನ್ನೂ ಎಬ್ಬಿಸಿ, ಆ ಜಾಗದಲ್ಲಿ ಒಂದು ಮನೆಯ ಗಂಡ ಹೆಂಡತಿಯನ್ನು ಕೂರಿಸಿದರು. ಹಳೇ ಮನೆಯ ಗೋಡೆ ಹಾಗೆಯೇ ಬಿಟ್ಟು ಒಳಗಿನ ವೈರಿಂಗ್ ಪೂರ್ತಿ ಬದಲಾಯಿಸಿದ ಹಾಗೆ. ಹೊರಗಿಂದ ನೋಡಿದರೆ ಅದೇ ಮನೆ. ಒಳಗೆ ಬೆಳಕೇ ಬೇರೆ.

ಮಳೆಗಾಲ. ಅರಮನೆಯಿಂದ ಗಂಡ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಉಪಚಾರ ಮಾಡುತ್ತಾಳೆ. ಮಳೆಯ ಹೊತ್ತು ಕಳೆಯುವುದಕ್ಕೆ ಒಂದು ಕಥೆ ಬೇಕು ಅನ್ನುತ್ತಾಳೆ. ಯಾವ ಕಥೆ ಅಂತ ಚರ್ಚೆ ಆಗುತ್ತದೆ. ಪದ್ಯದಲ್ಲಿ ಹೇಳಲಾ ಗದ್ಯದಲ್ಲಿ ಹೇಳಲಾ ಅಂತ ಅವನು ಕೇಳಿದರೆ ಅವಳು ಪದ್ಯ ಬೇಡವೇ ಬೇಡ ಅನ್ನುತ್ತಾಳೆ. ಅವನು ತನ್ನ ಪಾಂಡಿತ್ಯ ತೋರಿಸಲು ಸಂಸ್ಕೃತ ತುಂಬಿದ ಮಾತಿನಿಂದ ಶುರು ಮಾಡುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ, ರೇಗುತ್ತಾಳೆ, ತಿಳಿಯುವ ಕನ್ನಡದಲ್ಲಿ ಹೇಳು ಅನ್ನುತ್ತಾಳೆ. ಅವನು ಬದಲಾಯಿಸುತ್ತಾನೆ. ಕಥೆಯ ಮಧ್ಯದಲ್ಲೂ ಅವಳು ಸುಮ್ಮನಿರುವವಳಲ್ಲ. ಕೇಳುತ್ತಾಳೆ, ಕೆಣಕುತ್ತಾಳೆ, ನಗಿಸುತ್ತಾಳೆ, ಸೀತೆಯ ಕಷ್ಟ ಬಂದಾಗ ಮರುಗುತ್ತಾಳೆ.

ಶಾಲೆಯಲ್ಲಿ ಓದಿದಾಗ ಇದು ನಮಗೆ ಬರೀ ಸರಸ ಸಲ್ಲಾಪ. ಮಾಸ್ಟ್ರು ಹಾಗೆಯೇ ಹೇಳಿಕೊಟ್ಟದ್ದು, ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕದ್ದು. ಈಗ ನಾನೇ ಬರೆಯಲಿಕ್ಕೆ ಕೂತ ಮೇಲೆ ಓದಿದಾಗ ಬೇರೆಯೇ ಕಾಣಿಸಿತು. ಇದು ಕಥೆ ತಿದ್ದುವ ಕೆಲಸವನ್ನೇ ಕಥೆ ಮಾಡಿದ್ದು. ಬರೆಯುವವನ ತಲೆಯೊಳಗೆ ಇಬ್ಬರಿರುತ್ತಾರೆ. ಒಬ್ಬ ತನಗೆ ಗೊತ್ತಿದ್ದದ್ದನ್ನೆಲ್ಲ ತೋರಿಸಬೇಕು ಅನ್ನುವವನು. ಇನ್ನೊಬ್ಬರು ಅದನ್ನು ಕೇಳಿ, ಇದು ಯಾರಿಗೆ ಅರ್ಥವಾಗುತ್ತದೆ ಅಂತ ಕೇಳುವವರು. ಎರಡನೆಯವರನ್ನು ಅವರು ಹೊರಗೆ ಕರೆದು, ಹೆಸರು ಕೊಟ್ಟು, ಎದುರಿಗೆ ಕೂರಿಸಿದರು. ಕಾಟಾಚಾರಕ್ಕೂ ಕೂರಿಸಲಿಲ್ಲ, ಅವಳ ಮಾತೇ ಅಲ್ಲಿ ನಡೆಯುತ್ತದೆ. ಪದ್ಯ ಬಿಟ್ಟು ಗದ್ಯಕ್ಕೆ ಬಂದದ್ದು ಅವಳ ಹಟದಿಂದ. ಷಟ್ಪದಿಯಲ್ಲಿ ಇಡೀ ಪಟ್ಟಾಭಿಷೇಕ ಬರೆದ ಕೈ ಇದು, ಪದ್ಯ ಬಾರದೆ ಬಿಟ್ಟದ್ದಲ್ಲ ಅನ್ನುವುದನ್ನು ಮರೆಯಬಾರದು.

ಮನೋರಮೆ ಅವರ ಹೆಂಡತಿಯೇ ಅನ್ನುವವರೂ ಇದ್ದಾರೆ. ಅವರ ಪತ್ನಿ ಕಮಲಾಬಾಯಿ, ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯ ಕಾಗೆಕೋಡಮಗ್ಗೆಯವರು. ಮದುವೆಯಾದದ್ದು 1893ರಲ್ಲಿ, ಅಂದರೆ ಈ ಪುಸ್ತಕಗಳೆಲ್ಲ ಬಂದದ್ದು ಮದುವೆಯ ನಂತರವೇ. ಆ ಮನೆಯಲ್ಲಿ ಸಂಜೆ ಹೊತ್ತು ಏನು ಮಾತಾಯಿತು ಅಂತ ಯಾರೂ ಕೇಳಿಸಿಕೊಂಡಿಲ್ಲ. ಆದರೆ ಒಬ್ಬಳು ಹೆಂಗಸು ನಿಜವಾಗಿ ಎದುರಿಗೆ ಕೂತು ಮೂಗು ಮುರಿಯದೆ ಅಂಥ ಮಾತು ಬರೆಯಲಿಕ್ಕೆ ಸಾಧ್ಯವಿಲ್ಲ ಅಂತ ನನ್ನ ನಂಬಿಕೆ. ಇದನ್ನು ನಾನು ಅನುಭವದಿಂದ ಹೇಳುವುದು.

ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಉಂಟಲ್ಲ, ನನ್ನ ಕಾದಂಬರಿ ಹೆಚ್ಚಾಗಿ ಬೆಳೆದದ್ದು ಆ ಮೂರು ಗಂಟೆಗಳಲ್ಲಿ. ಮನೋರಮೆಗೆ ಮಳೆ, ನನಗೆ ಬಿಸಿಲು. ಉಳಿದವರು ಎಸಿ ಹಾಕಿ ಮಲಗಿರುತ್ತಾರೆ, ನಾನು ಮಂಚದ ಮೇಲೆ ರಿಜಿಸ್ಟರ್ ಪುಸ್ತಕ ಇಟ್ಟುಕೊಂಡು ಬರೆಯುತ್ತೇನೆ. ರಾತ್ರಿ ಅದನ್ನು ಓದಿ ವಾಯ್ಸ್ ಮೆಸೇಜ್ ಮಾಡಿ ಊರಿನಲ್ಲಿರುವ ನನ್ನ ಹೆಂಡತಿಗೆ ಕಳಿಸುತ್ತೇನೆ. ಅಲ್ಲಿ ಒಂದೂವರೆ ಗಂಟೆ ಮುಂದೆ, ಅವಳು ಮಗುವನ್ನು ಮಲಗಿಸಿ ಕೇಳುತ್ತಾಳೆ. ಅವಳು ಹತ್ತನೇ ತರಗತಿವರೆಗೆ ಓದಿದವಳು, ಬೀಡಿ ಕಟ್ಟಿದವಳು. ಆದರೆ ಕಿವಿ ಎಂದರೆ ಮೆಗ್ಗರ್ ಹಾಗೆ, ಎಲ್ಲಿ ಲೀಕ್ ಆಗುತ್ತಿದೆ ಅಂತ ತಕ್ಷಣ ಹೇಳುತ್ತಾಳೆ. ಕಾದಂಬರಿಯಲ್ಲಿ ಒಬ್ಬ ಹುಡುಗ ಮೊದಲ ಸಲ ವಿಮಾನ ಇಳಿದು ಮತ್ರಾದ ಸಮುದ್ರ ನೋಡುವ ಜಾಗ ಉಂಟು. ನಾಲ್ಕು ಪುಟ ವರ್ಣನೆ ಬರೆದಿದ್ದೆ, ಕಾರ್ನಿಶ್, ದೀಪಗಳ ಸಾಲು, ಗುಡ್ಡದ ಮೇಲಿನ ಕೋಟೆ ಎಲ್ಲ ಇತ್ತು. ಅವಳು ಕೇಳಿದ್ದು ಒಂದೇ, ಅವನಿಗೆ ಆಗ ಹಸಿವಾಗಿತ್ತಾ ಅಂತ. ನಾಲ್ಕು ಪುಟ ಒಂದೂವರೆ ಪುಟವಾಯಿತು, ಆ ಹುಡುಗನ ಕೈಗೆ ಒಂದು ಖುಬುಸು ಬಂತು. ಆ ರಾತ್ರಿ ನನಗೆ ಆದ ಖುಷಿ ಸಂಬಳದ ದಿನ ಕೂಡ ಆಗಿಲ್ಲ.

ಖುಷಿ ಹೀಗೆ ಇರುತ್ತದೆ, ಮರುದಿನ ಅನುಮಾನ ಬಂದೇ ಬರುತ್ತದೆ. ಇದನ್ನೆಲ್ಲ ಯಾರು ಓದುತ್ತಾರೆ? ಇಷ್ಟು ಹೊತ್ತು ಓವರ್‌ಟೈಮ್ ಮಾಡಿದ್ದರೆ ಮನೆಯ ಸಾಲದ ಒಂದು ಕಂತು ತೀರುತ್ತಿತ್ತಲ್ಲ? ಅನುಮಾನಗಳಲ್ಲಿ ದೊಡ್ಡದು ಒಂದು ಉಂಟು. ಮೊದಲ ಪುಟದಲ್ಲಿ ಯಾವ ಹೆಸರು ಹಾಕುವುದು? ಓದಿದ ಗೆಳೆಯರೊಬ್ಬರು ಒಂದು ಕಾವ್ಯನಾಮ ಇಟ್ಟುಕೋ ಅಂದರು, ಒಳ್ಳೆಯ ಉದ್ದೇಶದಿಂದಲೇ. ಎಲೆಕ್ಟ್ರಿಷಿಯನ್ ಅಂತ ಕಂಡರೆ ಪ್ರಕಾಶಕರು ಪುಸ್ತಕ ತೆರೆಯುವುದಿಲ್ಲ ಅಂದರು. ಇನ್ನೊಬ್ಬರು ಅದಕ್ಕೆ ಉಲ್ಟಾ, ಎಲೆಕ್ಟ್ರಿಷಿಯನ್ ಅಂತ ದೊಡ್ಡದಾಗಿ ಹಾಕು, ಪಾಪ ಅಂತ ಆದರೂ ಓದುತ್ತಾರೆ ಅಂದರು. ಎರಡೂ ನನಗೆ ಹಿಡಿಸಲಿಲ್ಲ. ಮುದ್ದಣ ಅವರ ಬದುಕನ್ನು ನಾನು ಇಷ್ಟು ಹಟದಿಂದ ಓದಿದ್ದಕ್ಕೆ ಇದೇ ಕಾರಣ. ಅವರು ಮೊದಲನೇ ದಾರಿ ಹಿಡಿದರು. ಅದರಿಂದ ಪುಸ್ತಕ ಉಳಿಯಿತು ಅನ್ನುವುದು ಸತ್ಯ, ಅವರಿಗೆ ಏನೂ ಸಿಗಲಿಲ್ಲ ಅನ್ನುವುದೂ ಸತ್ಯ.

ಉಡುಪಿಯಿಂದ ಅವರಿಗೆ ಕುಂದಾಪುರಕ್ಕೆ ಹೋಗಬೇಕಾಗಿ ಬಂತು. ಅಲ್ಲಿ ಕೆಲವು ಕಾಲ ಕೆಲಸ ಮಾಡಿ ಮತ್ತೆ ಉಡುಪಿಗೆ ಬಂದು ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದರು. ಕೊನೆಗೂ ಡ್ರಿಲ್ ಬಿಟ್ಟು ಕನ್ನಡದ ಮಾಸ್ಟ್ರಾದರು ಅಂತ ನಾವು ಸಂತೋಷಪಡುವಷ್ಟರಲ್ಲಿ ಕ್ಷಯ ಹಿಡಿದಿತ್ತು. ಆ ಕಾಲಕ್ಕೆ ಅದಕ್ಕೆ ಮದ್ದಿಲ್ಲ. ಊರಿನ ಮಕ್ಕಳಿಗೆ ಮೈ ಗಟ್ಟಿ ಮಾಡಿಕೊಳ್ಳುವುದನ್ನು ಹೇಳಿಕೊಟ್ಟವರ ಮೈ ದಿನದಿಂದ ದಿನಕ್ಕೆ ಸೋತಿತು. 1901ರ ಫೆಬ್ರವರಿಯಲ್ಲಿ ತೀರಿಕೊಂಡರು. 31 ವರ್ಷ. ಈ ಲೇಖನ ಬರೆಯುವ ನನಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ. ಹೆಂಡತಿಯನ್ನು, ಒಬ್ಬ ಚಿಕ್ಕ ಮಗನನ್ನು ಬಿಟ್ಟು ಹೋದರು.

ಅವರು ಇನ್ನೂ ಏನೇನೋ ಬರೆಯಲು ಹೊರಟಿದ್ದರು. ಅದರಲ್ಲಿ ಗೋದಾವರಿ ಎಂಬ ಒಂದು ಕಾದಂಬರಿಯೂ ಸೇರಿತ್ತು ಅಂತ ಅವರ ಬದುಕನ್ನು ಬರೆದವರು ಹೇಳುತ್ತಾರೆ. ನಮ್ಮ ಕೈಗೆ ಅದು ಬಂದಿಲ್ಲ. ನನಗೆ ತುಂಬ ಸಂಕಟವಾಗುವುದು ಇದನ್ನು ನೆನೆದರೆ. ಪುರಾಣದ ಕಥೆಯನ್ನು ತೆಗೆದುಕೊಂಡೇ ಗಂಡ ಹೆಂಡತಿಯನ್ನು ಅಷ್ಟು ಜೀವಂತ ಮಾಡಿದವರು, ನಮ್ಮ ನಿಮ್ಮಂಥವರ ಕಥೆ ಬರೆದಿದ್ದರೆ ಹೇಗಿರುತ್ತಿತ್ತು? ಕಾಲವೂ ಅದಕ್ಕೆ ಹದವಾಗಿತ್ತು. 1899ರಲ್ಲೇ ಅಲ್ಲಿಂದ ನಲವತ್ತು ಮೈಲಿಯೊಳಗಿನ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಅಚ್ಚಾಯಿತು. ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಆದದ್ದು. ಆಗಿನ ದಿನದ ಮನೆ, ಆಗಿನ ದಿನದ ವಿಧವೆ ಹುಡುಗಿಯ ಕಷ್ಟ ಇರುವ ಕಥೆ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದಕ್ಕೆ ಹೆಸರು. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿದ್ದವರು. ಒಬ್ಬರು ಪೊಲೀಸು, ಒಬ್ಬರು ಡ್ರಿಲ್ ಮಾಸ್ಟ್ರು, ಒಂದೇ ಜಿಲ್ಲೆ, ಹತ್ತಿರ ಹತ್ತಿರ ಅದೇ ಕಾಲ. ಒಬ್ಬರ ಪುಸ್ತಕ ಹೆಸರು ಸಹಿತ ಬಂತು, ಇನ್ನೊಬ್ಬರದ್ದು ಹೆಸರಿಲ್ಲದೆ.

ಸತ್ಯ ಹೊರಬಿದ್ದದ್ದು ಅವರು ತೀರಿಹೋದ ಮೇಲೆ, ನಿಧಾನವಾಗಿ. ರಾಮಾಶ್ವಮೇಧದ ಹಳಗನ್ನಡದಲ್ಲಿ ಅಲ್ಲಲ್ಲಿ ಹೊಸ ಕಾಲದ ವಾಸನೆ ಉಂಟು. ಮನೋರಮೆ ಮಾತಾಡುವ ರೀತಿ ಯಾವ ಹಳೆಯ ಕಾವ್ಯದ ಹೆಂಗಸಿನದ್ದೂ ಅಲ್ಲ. ಬಲ್ಲವರು ಅನುಮಾನಪಟ್ಟರು, ಅವರನ್ನು ಕಂಡವರು ಹೇಳಿದರು, ಕಾಗದಪತ್ರ ನೋಡಿದರು, ಕೊನೆಗೆ ಇದು ನಂದಳಿಕೆಯ ಲಕ್ಷ್ಮೀನಾರಣಪ್ಪ ಅವರದ್ದೇ ಅಂತ ಒಪ್ಪಿದರು. ನಾನು ಗಮನಿಸಿದ್ದು, ಅವರನ್ನು ಹಿಡಿದುಕೊಟ್ಟದ್ದು ಅವರ ಪಾಂಡಿತ್ಯ ಅಲ್ಲ. ಪಾಂಡಿತ್ಯದಲ್ಲಿ ಅವರು ಪೂರ್ತಿ ಅಡಗಿದ್ದರು. ಹಿಡಿದುಕೊಟ್ಟದ್ದು ಮನೆಯ ಮಾತು, ಗಂಡ ಹೆಂಡತಿಯ ಕೀಟಲೆ. ಯಾವ ಜಾಗದಲ್ಲಿ ತಿದ್ದಿ ತಿದ್ದಿ ತನ್ನದು ಮಾಡಿದರೋ ಆ ಜಾಗದಲ್ಲೇ ಸಿಕ್ಕಿಬಿದ್ದರು.

ಅವರ ಹಳಗನ್ನಡ ಈಗ ಓದಲು ಕಷ್ಟ, ಇದನ್ನೂ ಹೇಳಬೇಕು. ಮನೋರಮೆಯ ಭಾಗ ಬಿಟ್ಟು ಯುದ್ಧದ ಭಾಗಕ್ಕೆ ಬಂದರೆ ನಾನು ಅಲ್ಲಲ್ಲಿ ಪುಟ ಹಾರಿಸಿದ್ದುಂಟು. ಮನೋರಮೆಗೆ ಬೇಕಾಗಿದ್ದ ತಿಳಿಗನ್ನಡ ಆ ಭಾಗಗಳಲ್ಲಿ ಎಲ್ಲಾ ಕಡೆ ಸಿಗುವುದಿಲ್ಲ. ಅರ್ಥ ಸಹಿತ ಇರುವ ಪ್ರತಿ ಸಿಕ್ಕಿದರೆ ಮಾತ್ರ ತೆಗೆದುಕೊಳ್ಳಿ. ಮೊದಲಿನ ಹತ್ತಿಪ್ಪತ್ತು ಪುಟ ಜೋರಾಗಿ ಓದಿ, ಕಣ್ಣಿಗಿಂತ ಕಿವಿಗೆ ಬೇಗ ಅರ್ಥವಾಗುತ್ತದೆ. ನಮ್ಮ ರೂಮಿನಲ್ಲಿ ಒಂದು ಶುಕ್ರವಾರ ಹಾಗೆ ಓದಿದೆ. ಬಿಜಾಪುರದ ಕಡೆಯ ಗೆಳೆಯರಿಗೂ ನಗು ಬಂತು. ಅವರ ಮನೆಯಲ್ಲೂ ಹೀಗೆಯೇ ಅಂತೆ.

ನನ್ನ ಕಾದಂಬರಿಯನ್ನು ಈಗ ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲ ರಿಜಿಸ್ಟರಿನ ಪುಟಗಳಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಮೊದಲ ಪುಟದಲ್ಲಿ ನನ್ನ ಅಪ್ಪ ಇಟ್ಟ ಹೆಸರನ್ನೇ ಬರೆದಿದ್ದೇನೆ. ಕೆಲಸದ ಹೆಸರು ಬೇಕೋ ಬೇಡವೋ ಅಂತ ಹೆಂಡತಿಯನ್ನು ಕೇಳಿದೆ. ಮೊದಲು ಹದಿನಾಲ್ಕನೇ ಅಧ್ಯಾಯ ಕಳಿಸಿ, ಆ ಹುಡುಗನ ತಾಯಿಗೆ ಫೋನ್ ಹೋಯಿತಾ ಇಲ್ಲವಾ ಅಂತ ನಾಲ್ಕು ದಿನದಿಂದ ಕಾಯುತ್ತಿದ್ದೇನೆ ಅಂತ ಉತ್ತರ ಬಂತು.

ರಜೆಯಲ್ಲಿ ಊರಿಗೆ ಹೋಗುವವರಿಗೆ ಒಂದು ವಿಷಯ. ನಂದಳಿಕೆ ದೂರ ಇಲ್ಲ. ಕಾರ್ಕಳ ಪಡುಬಿದ್ರಿ ದಾರಿಯಲ್ಲಿ ಬೆಳ್ಮಣ್ಣಿನಲ್ಲಿ ಇಳಿದರೆ ಅಲ್ಲಿಂದ ಹತ್ತಿರ, ರಿಕ್ಷಾ ಸಿಗುತ್ತದೆ. ಮಹಾಲಿಂಗೇಶ್ವರ ದೇವಸ್ಥಾನ ಉಂಟು, ಸಿರಿ ಜಾತ್ರೆಗೆ ಹೋದವರಿಗೆ ಊರು ಗೊತ್ತೇ ಇರುತ್ತದೆ. ಮುದ್ದಣ ಅವರ ಹೆಸರಿನಲ್ಲಿ ಅಲ್ಲಿ ಸ್ಮಾರಕವೂ ಉಂಟು. ಮಂಗಳೂರು ವಿಮಾನ ನಿಲ್ದಾಣದಿಂದ ಕಾರ್ಕಳ, ಉಡುಪಿ ಕಡೆಗೆ ಹೋಗುವವರು ಸ್ವಲ್ಪ ಸುತ್ತು ಹಾಕಿದರೆ ಸಾಕು. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಪಾಠದಲ್ಲಿ ಬಂದ ಮುದ್ದಣ ಇವರೇ, ಡ್ರಿಲ್ ಮಾಸ್ಟ್ರಾಗಿದ್ದರು ಅಂತ ತೋರಿಸಿ.